ಸಮವಸ್ತ್ರದ ಎಲ್ವಿಸ್

ಮೊನ್ನೆ ಊಟವಾದ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದ ನಮ್ಮ ಸೋದರಮಾವ, ಸೇನೆಯಿಂದ ಬಿಡುಗಡೆಯಾಗಿ ಬಂದ ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿಯನ್ನು ಅಲ್ಲಿಯ ಹಿರಿಯ ಗಾಯಕ ಫ್ರಾಂಕ್ ಸಿನಾಟ್ರಾ ತನ್ನ ಟೆಲಿವಿಷನ್ ಕಾರ್ಯಕ್ರಮಕ್ಕೆ ಕರೆಸಿದ್ದನ್ನು ತಾವು ಕಣ್ಣಾರೆ ಕಂಡುದಾಗಿಯೂ, ಎಲ್ವಿಸ್ ಆ ಒಂದು ಗಂಟೆಯಿಡೀ ಸಮವಸ್ತ್ರದಲ್ಲೇ ಹಾಡಿದನೆಂದೂ ಹೇಳಿದರು. ನಾನು ಸುಮ್ಮನಿರಬೇಕಿತ್ತು.

ಆ ಕಾರ್ಯಕ್ರಮ 1960ರ ಮಾರ್ಚ್ 26ರಂದು ಮಯಾಮಿ ಬೀಚಿನ ಫೊಂಟೇನ್‌ಬ್ಲೋ ಹೋಟೆಲಿನಲ್ಲಿ ಚಿತ್ರೀಕರಣಗೊಂಡು, ಮೇ 12ರಂದು ಅಮೆರಿಕದ ಎಬಿಸಿ ವಾಹಿನಿಯಲ್ಲಿ ಪ್ರಸಾರವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಹಾಗಿದ್ದರೆ ಬಸವನಗುಡಿಯ ಹುಡುಗ ಅದನ್ನು ಕಂಡದ್ದೆಲ್ಲಿ ಎಂದು ಕೇಳಿದರೆ, ರೇಡಿಯೋ ಸಿಲೋನಿನಲ್ಲಿ ಎಂದರು. ರೇಡಿಯೋದಲ್ಲಿ ಸಮವಸ್ತ್ರ ಹೇಗೆ ಕಾಣಿಸಿತೆಂದು ಕೇಳುವ ಧೈರ್ಯ ಸೋದರಳಿಯನಿಗೆ ಇರಬಾರದು, ನನಗಿತ್ತು. ಅವರು ಅಡಕತ್ತರಿಯನ್ನು ಕೆಳಗಿಟ್ಟು, ‘ನಿನಗೆ ಕಿವಿ ಇಲ್ಲದಿದ್ದರೆ ಅದು ನನ್ನ ತಪ್ಪೇ?’ ಎಂದರು.

ಹಳೆಯ ಹಾಡಿನ ಅಭಿಮಾನಿಗಳ ಈ ದರ್ಪ ನನಗೆ ಸಹಿಸದು. ನಿಜ ಹೇಳಬೇಕೆಂದರೆ, ಆ ಗಂಟೆಯಲ್ಲಿ ಎಲ್ವಿಸ್ ಕಾಣಿಸಿಕೊಂಡದ್ದು ಹತ್ತು ನಿಮಿಷವೂ ಇಲ್ಲ; ಅಷ್ಟಕ್ಕೇ ಅವನಿಗೆ 1,25,000 ಡಾಲರ್ ಸಂದಿತು. ಉಳಿದ ಹೊತ್ತೆಲ್ಲ ಸಿನಾಟ್ರಾ, ಅವನ ಗೆಳೆಯರು, ಮಗಳು ನ್ಯಾನ್ಸಿ, ಮತ್ತು ಈಗ ಯಾರಿಗೂ ನಗು ಬಾರದ ಒಂದಷ್ಟು ನಗೆಮಾತು. ಆ ಗೆಳೆಯರಲ್ಲೊಬ್ಬನಾದ ಸ್ಯಾಮಿ ಡೇವಿಸ್ ಹಾಡಿದ್ದೊಂದು ಅಪವಾದ. ಮೂರು ವರ್ಷಗಳ ಹಿಂದೆಯಷ್ಟೇ ರಾಕ್ ಅಂಡ್ ರೋಲನ್ನು ಬಾಯಿಗೆ ಬಂದಂತೆ ಹಳಿದಿದ್ದ ಸಿನಾಟ್ರಾ, ಅದೇ ಸಂಗೀತದ ರಾಜಕುಮಾರನನ್ನು ಅಕ್ಕರೆಯ ಅಳಿಯನಂತೆ ಮಾತನಾಡಿಸುತ್ತಾನೆ. ಪ್ರೇಕ್ಷಕರ ಸಂಖ್ಯೆ ಎಂಥ ಬಿರುಕಿಗೂ ಗಾರೆ ಬಳಿಯಬಲ್ಲದು. ಆದರೂ ಅವನು ಎಲ್ವಿಸನ ‘ಲವ್ ಮಿ ಟೆಂಡರ್’ ಅನ್ನೂ, ಎಲ್ವಿಸ್ ಅವನ ‘ವಿಚ್‌ಕ್ರಾಫ್ಟ್’ ಅನ್ನೂ ಒಂದೊಂದು ಸಾಲಾಗಿ ಅದಲುಬದಲಾಗಿ ಹಾಡುವ ಆ ಎರಡು ನಿಮಿಷಕ್ಕಾಗಿ ನಾನು ಉಳಿದ ನಗೆಮಾತನ್ನೆಲ್ಲ ಸಹಿಸಿಯೇನು. ಎಲ್ವಿಸ್ ಭುಜ ಕುಣಿಸಿ ಮಣಿಕಟ್ಟು ಝಾಡಿಸಿದೊಡನೆ ಹುಡುಗಿಯರು ಕಿರುಚುತ್ತಾರೆ. ಸಿನಾಟ್ರಾ ಎಷ್ಟೇ ಸೊಗಸಾಗಿ ಹಾಡಿದರೂ ಆ ಕಿರುಚಾಟ ಅವನ ಪಾಲಿಗೆ ಬರುವುದಿಲ್ಲ. ಆಗ ಎಲ್ವಿಸ್ ತೊಟ್ಟಿದ್ದು ಸಮವಸ್ತ್ರವಲ್ಲ, ಬೋ ಟೈ ಕಟ್ಟಿದ ಕರಿಯ ಸೂಟು.

ಇದನ್ನು ಸಾಬೀತುಪಡಿಸಲೇಬೇಕೆಂಬ ಹಟಕ್ಕೆ ಬಿದ್ದು, ಸಂಜೆ ಮಗಳ ಲ್ಯಾಪ್‌ಟಾಪ್ ತಂದು ಮಾವನ ಮುಂದಿಟ್ಟೆ. ಮುಂದಕ್ಕೆ ಓಡಿಸಬಾರದು, ಮೊದಲಿನಿಂದಲೇ ನೋಡಬೇಕೆಂಬುದು ಅವರ ಷರತ್ತು. ಒಪ್ಪಿದೆ. ಅಲ್ಲಿಯೇ ನನ್ನ ಕೇಸು ಬಿದ್ದುಹೋಯಿತೆಂಬುದು ಆಗ ತಿಳಿಯಲಿಲ್ಲ. ಏಕೆಂದರೆ ಕಾರ್ಯಕ್ರಮದ ಆರಂಭದಲ್ಲಿ, ಕೇವಲ ಒಂದೆರಡು ಸಾಲು ಹಾಡುವುದಕ್ಕಾಗಿ, ಎಲ್ವಿಸ್ ನಿಜವಾಗಿಯೂ ಸಮವಸ್ತ್ರದಲ್ಲೇ ಬರುತ್ತಾನೆ. ಮಾವ ತೊಡೆ ತಟ್ಟಿದರು. ಸ್ವಲ್ಪ ತಾಳಿ ಎಂದೆ. ಅವರು ತಾಳಿದರು, ತಾಳುತ್ತ ತಾಳುತ್ತ ಸಿನಾಟ್ರಾನ ಎರಡನೆಯ ಹಾಡಿಗೆ ನಿದ್ದೆ ಹೋದರು. ಕರಿಯ ಸೂಟಿನ ಎಲ್ವಿಸ್ ಬಂದಾಗ ಎರಡು ಸಲ ಎಬ್ಬಿಸಿದೆ, ಗೊರಕೆಯೇ ಉತ್ತರ. ಹುಡುಗಿಯರ ಕಿರುಚಾಟಕ್ಕೂ ಏಳಲಿಲ್ಲ. ಎಲ್ಲ ಮುಗಿದು ಲ್ಯಾಪ್‌ಟಾಪಿನ ಮುಚ್ಚಳ ಟಪ್ಪೆಂದಾಗ ಕಣ್ಣು ಬಿಟ್ಟು, ಅಡಿಕೆಯ ತಟ್ಟೆಯನ್ನು ನನ್ನತ್ತ ತಳ್ಳುತ್ತ, ‘ಸಮವಸ್ತ್ರವೇ ಇತ್ತಲ್ಲವೋ?’ ಎಂದರು.