ಬೇಳೆಕಾಳಿನ ಕರ್ನಾಟಕ

ಮಕ್ಕಳನ್ನು ಬೆಳೆಸುತ್ತಾ ತಂದೆಯಾದವನು ತಾಳ್ಮೆಯನ್ನು ಕಲಿಯುತ್ತಾನೆ ಎಂದು ವೇದಿಕೆಗಳ ಮೇಲೆ ಭಾಷಣ ಮಾಡುವವರ ಮನೆಯಲ್ಲಿ ಐದನೇ ತರಗತಿಯ ಮಕ್ಕಳು ಇರಲಿಕ್ಕಿಲ್ಲ. ಇದ್ದರೂ ಅವರ ಪ್ರಾಜೆಕ್ಟುಗಳನ್ನು ಬೇರೆ ಯಾರೋ ಮಾಡಿಕೊಡುತ್ತಿರಬೇಕು. ನಾನು ಕಲಿತದ್ದೇ ಬೇರೆ. ಬ್ಯಾಡಗಿ ಮೆಣಸಿನಕಾಯಿಯ ಬೀಜ ಮುಟ್ಟಿದ ಕೈಯಿಂದ ಕಣ್ಣೊರೆಸಿಕೊಳ್ಳಬಾರದೆಂಬುದನ್ನು ನಾನು ಕಲಿತದ್ದು ಮಗಳನ್ನು ಬೆಳೆಸುವಾಗಲೇ ಹೊರತು ಅಡುಗೆ ಮಾಡುವಾಗ ಅಲ್ಲ. ಈ ಸಾಲುಗಳನ್ನು ಬರೆಯುತ್ತಿರುವ ಹೊತ್ತಿನಲ್ಲೂ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಅಂಟು ಒಣಗಿ ಕೂತಿರುವುದರಿಂದ, ಓದುಗರು ನನ್ನಿಂದ ಸಮಚಿತ್ತವನ್ನು ನಿರೀಕ್ಷಿಸಬಾರದಾಗಿ ವಿನಂತಿ.

ನನ್ನ ಮಗಳಿಗೆ ಒಂದು ಅಭ್ಯಾಸವಿದೆ. ಶಾಲೆಯಿಂದ ಬಂದ ಕೂಡಲೇ ಹೋಂವರ್ಕ್ ಇದೆಯೇ ಎಂದು ಕೇಳಿದರೆ ಏನೂ ಇಲ್ಲವೆನ್ನುತ್ತಾಳೆ. ಊಟಕ್ಕೆ ಕೂತಾಗ ಕೇಳಿದರೂ ಅದೇ ಉತ್ತರ. ಹಲ್ಲುಜ್ಜಿ, ಹೊದಿಕೆ ಹೊದ್ದು, ದೀಪ ಆರಿಸಲೆಂದು ನನ್ನ ಕೈ ಸ್ವಿಚ್ಚಿನ ಮೇಲೆ ಹೋದ ಕ್ಷಣಕ್ಕೆ ಸರಿಯಾಗಿ ‘ಅಪ್ಪಾ, ಒಂದು ಚಿಕ್ಕ ವಿಷಯ’ ಎಂಬ ದನಿ ಹೊದಿಕೆಯೊಳಗಿಂದ ಬರುತ್ತದೆ. ಆ ಚಿಕ್ಕ ವಿಷಯ ಒಮ್ಮೆ ಜ್ವಾಲಾಮುಖಿಯಾಗಿತ್ತು, ಇನ್ನೊಮ್ಮೆ ಮಳೆನೀರು ಕೊಯ್ಲಿನ ಮಾದರಿಯಾಗಿತ್ತು, ಮತ್ತೊಮ್ಮೆ ಓಬವ್ವನ ವೇಷಕ್ಕೆ ಬೇಕಾದ ಒನಕೆಯಾಗಿತ್ತು (ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವವನು ರಾತ್ರಿ ಒಂಬತ್ತೂವರೆಗೆ ಒನಕೆಯನ್ನು ಎಲ್ಲಿಂದ ಕಡ ತರಬೇಕು?). ಈ ರಾಜ್ಯೋತ್ಸವಕ್ಕೆ ಆ ಚಿಕ್ಕ ವಿಷಯ ಇಡೀ ಕರ್ನಾಟಕವೇ ಆಗಿತ್ತು.

ಡೈರಿಯಲ್ಲಿ ಅಂಟಿಸಿದ್ದ ಸೂಚನೆಯ ಪ್ರಕಾರ ದೊಡ್ಡ ಅಳತೆಯ ನಕ್ಷೆಯ ಮೇಲೆ ಬೇಳೆಕಾಳುಗಳನ್ನು ಅಂಟಿಸಿ 31 ಜಿಲ್ಲೆಗಳೂ ಬೇರೆ ಬೇರೆಯಾಗಿ ಕಾಣುವಂತೆ ಮಾಡಬೇಕಿತ್ತು. ಕೆಳಗೆ ದಪ್ಪಕ್ಷರದಲ್ಲಿ, ಈ ಚಟುವಟಿಕೆಯನ್ನು ಮಕ್ಕಳೇ ಮಾಡತಕ್ಕದ್ದು, ಪೋಷಕರು ಮಾರ್ಗದರ್ಶನ ಮಾತ್ರ ನೀಡಬಹುದು ಎಂದಿತ್ತು. ಈ ‘ಮಾರ್ಗದರ್ಶನ’ ಎಂಬ ಪದವನ್ನು ಬರೆದವರನ್ನು ಒಮ್ಮೆ ಎದುರಿಗೆ ಕೂರಿಸಿಕೊಂಡು, ಸಾಸಿವೆಯಿಂದ ಉಡುಪಿಯ ಕರಾವಳಿಯನ್ನು ತುಂಬುವುದಕ್ಕೆ ಹತ್ತು ವರ್ಷದ ಮಗುವಿಗೆ ಯಾವ ಬಗೆಯ ಮಾರ್ಗದರ್ಶನ ಕೊಡಬೇಕೆಂದು ವಿಚಾರಿಸುವ ಆಸೆ ನನಗಿದೆ.

ಅಂಗಡಿಯ ಶಟರ್ ಅರ್ಧಕ್ಕೆ ಇಳಿದಿತ್ತು. ನಾನು ಬಗ್ಗಿ ಒಳಗೆ ಮುಖ ಹಾಕಿದ್ದೇ ತಡ, ಅಂಗಡಿಯಾತ ‘ಐದನೇ ಕ್ಲಾಸಾ ಸಾರ್? ಕಾಳು ಅಂಟಿಸೋದಾ?’ ಎಂದು ತಾನಾಗಿಯೇ ಕೇಳಿದ. ಹದಿನೈದು ದಿನಗಳಿಂದ ಬೇರೆ ತಂದೆಯರು ಬಂದು ಹೋಗುತ್ತಿದ್ದಾರಂತೆ. ನನ್ನ ಮಗಳ ಶೈಕ್ಷಣಿಕ ಪ್ರಗತಿ ನನಗಿಂತ ಚೆನ್ನಾಗಿ ಗೊತ್ತಿರುವ ಈ ಮನುಷ್ಯ ಥರ್ಮೋಕೋಲ್ ಹಾಳೆ, ಅಂಟಿನ ಡಬ್ಬಿ ಮತ್ತು ಉಳಿದಿದ್ದ ಒಂದೇ ಒಂದು ನಕ್ಷೆಯನ್ನು ಸುತ್ತಿ ಕೈಗಿತ್ತ. ಮನೆಗೆ ಬಂದು ಬಿಡಿಸಿದ ಮೇಲೆ ತಿಳಿಯಿತು, ಅದರಲ್ಲಿದ್ದದ್ದು 30 ಜಿಲ್ಲೆ. ವಿಜಯನಗರ ಹುಟ್ಟುವುದಕ್ಕಿಂತ ಮುಂಚಿನ ಹಳೆಯ ದಾಸ್ತಾನು.

ನಿಜ ಹೇಳಬೇಕೆಂದರೆ ನನ್ನ ತಲೆಯೊಳಗಿನ ನಕ್ಷೆ ಅದಕ್ಕಿಂತಲೂ ಹಳೆಯದು, ಮತ್ತು ಅದರ ಹೊಣೆ ನನ್ನದಲ್ಲ, ಸರ್ಕಾರದ್ದು. 1956ರಲ್ಲಿ ಏಕೀಕರಣವಾದಾಗ ರಾಜ್ಯದಲ್ಲಿ 19 ಜಿಲ್ಲೆಗಳಿದ್ದವು. 1986ರಲ್ಲಿ ಬೆಂಗಳೂರು ಎರಡಾಗಿ 20 ಆಯಿತು. ಆ ಇಪ್ಪತ್ತನ್ನು ನಾನು ಮೇಷ್ಟರ ಬೆತ್ತದ ಸಮ್ಮುಖದಲ್ಲಿ ಒಂದೇ ಉಸಿರಿನಲ್ಲಿ ಒಪ್ಪಿಸಿದವನು, ಈಗಲೂ ಒಪ್ಪಿಸಬಲ್ಲೆ. ಇಷ್ಟು ಕಷ್ಟಪಟ್ಟು ಬಾಯಿಪಾಠ ಮಾಡಿದವರ ಮೇಲೆ ಯಾವ ಕನಿಕರವೂ ಇಲ್ಲದೆ 1997ರಲ್ಲಿ ಒಂದೇ ಏಟಿಗೆ ಏಳು ಜಿಲ್ಲೆ ಸೇರಿಸಿದರು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಬಂದವು, ಆಮೇಲೆ ಯಾದಗಿರಿ, 2021ರಲ್ಲಿ ವಿಜಯನಗರ. ಸಾಲದೆಂಬಂತೆ 2025ರಲ್ಲಿ ಸಚಿವ ಸಂಪುಟವು ರಾಮನಗರವನ್ನು ಬೆಂಗಳೂರು ದಕ್ಷಿಣವೆಂದೂ ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರವೆಂದೂ ಕರೆಯಲು ತೀರ್ಮಾನಿಸಿತು. ನಾನು ‘ರಾಮನಗರಕ್ಕೆ ರಾಗಿ’ ಎಂದಾಗ ಮಗಳು ‘ಆ ಹೆಸರಿನ ಜಿಲ್ಲೆ ಈಗ ಇಲ್ಲ ಅಪ್ಪ’ ಎಂದು ಸಂತಾಪ ಸೂಚಿಸುವ ದನಿಯಲ್ಲಿ ಹೇಳಿದಳು.

ಅಕ್ಕಪಕ್ಕದ ಜಿಲ್ಲೆಗಳಿಗೆ ಒಂದೇ ಕಾಳು ಬರಬಾರದೆಂಬುದು ಅವಳ ಷರತ್ತು. ಅಡುಗೆಮನೆಯ ಡಬ್ಬಿಗಳು ಒಂದೊಂದಾಗಿ ಹಜಾರಕ್ಕೆ ಬಂದವು. ತೊಗರಿಬೇಳೆ ಯಾವ ಚರ್ಚೆಯೂ ಇಲ್ಲದೆ ಕಲಬುರಗಿಗೆ ಹೋಯಿತು. ಗದಗಕ್ಕೆ ಹೆಸರುಕಾಳು, ಬೀದರಿಗೆ ಉದ್ದು, ತುಮಕೂರಿಗೆ ತಿಪಟೂರಿನ ಗೌರವಾರ್ಥ ಕೊಬ್ಬರಿ ತುರಿ, ಹಾವೇರಿಗೆ ಬ್ಯಾಡಗಿಯ ಬೀಜ (ನನ್ನ ಕಣ್ಣಿನ ಪ್ರಸಂಗ ಇಲ್ಲಿಯದು). ಮಂಡ್ಯಕ್ಕೆ ಸಕ್ಕರೆ ಎಂಬ ಸಲಹೆ ನನ್ನದೇ, ಅದು ಒಳ್ಳೆಯ ಸಲಹೆಯೇ ಆಗಿತ್ತು ಎಂದು ಈಗಲೂ ವಾದಿಸುತ್ತೇನೆ. ಕೊಡಗಿಗೆ ಕಾಫಿ ಬೀಜ ಬೇಕೆಂದಾಗ ಮನೆಯಲ್ಲಿ ಇದ್ದದ್ದು ಚಿಕೋರಿ ಬೆರೆತ ಫಿಲ್ಟರ್ ಪುಡಿ. ಅಂಟು ಬಳಿದು ಅದನ್ನೇ ಉದುರಿಸಿದೆವು. ‘ರೀ, ಅದು ಬೆಳಿಗ್ಗೆಗೆ ಇದ್ದ ಕೊನೇ ಪುಡಿ ಕಣ್ರೀ’ ಎಂದು ನನ್ನ ಹೆಂಡತಿ ಒಳಗಿನಿಂದ ಕೂಗುವ ಹೊತ್ತಿಗೆ ವಿರಾಜಪೇಟೆಯವರೆಗೂ ಕಾಫಿ ಹಬ್ಬಿಯಾಗಿತ್ತು.

ಇಷ್ಟರಲ್ಲಿ ನನ್ನ ತಾಯಿ ಎದ್ದು ಬಂದರು. ಅನ್ನಪೂರ್ಣೆಗೆ ಅಂಟು ಬಳಿಯುವ ಈ ವಿದ್ಯೆಯನ್ನು ಯಾರು ಕಲಿಸುತ್ತಿದ್ದಾರೆಂದು ವಿಚಾರಿಸಿಕೊಂಡ ಮೇಲೆ, ತಡೆಯಲಾಗದ್ದನ್ನು ಕೊನೆಯ ಪಕ್ಷ ಕ್ರಮವಾಗಿಯಾದರೂ ಮಾಡಿಸೋಣವೆಂದು ನಿರ್ಧರಿಸಿದವರಂತೆ, ಮೊರ ತರಿಸಿಕೊಂಡು ಕೂತುಬಿಟ್ಟರು. ಅವರ ಲೆಕ್ಕದಲ್ಲಿ ಕಲ್ಲು ಆರಿಸದ ಕಾಳು ಪಾತ್ರೆಗೂ ಹೋಗಬಾರದು, ನಕ್ಷೆಗೂ ಹೋಗಬಾರದು. ಕಡಲೆಬೇಳೆಯನ್ನು ಕೇರಿ, ಹುಳುಕು ತೆಗೆದು, ಹೊಟ್ಟು ಊದಿ, ಹಿಡಿ ಹಿಡಿಯಾಗಿ ಮಂಜೂರು ಮಾಡತೊಡಗಿದರು. ಇದನ್ನು ಯಾರೂ ಬೇಯಿಸುವುದಿಲ್ಲವೆಂದು ನಾನು ಹೇಳಿ ನೋಡಿದೆ. ‘ಬೇಯ್ಸಲಿ ಬಿಡ್ಲಿ, ನೋಡಿದೋರು ಏನಂತಾರ? ಇವ್ರ ಮನ್ಯಾಗ ಕಲ್ಲು ತಿಂತಾರ ಅಂತಾರ’ ಎಂದರು. ರಾತ್ರಿ ಹನ್ನೊಂದು ಗಂಟೆಗೆ ಚಿಕ್ಕಮಗಳೂರಿನ ಅಲಸಂದೆಗಾಗಿ ಮೊರದ ಮುಂದೆ ಸರದಿ ಕಾಯುತ್ತಾ ಕೂತ ತಂದೆಯ ಮನಃಸ್ಥಿತಿಯನ್ನು ಬಲ್ಲವರೇ ಬಲ್ಲರು.

ಉಳಿದದ್ದು ವಿಜಯನಗರ. ಅದನ್ನು ಹಳೆಯ ಬಳ್ಳಾರಿಯಿಂದ ಪೆನ್ಸಿಲಿನಲ್ಲಿ ಬೇರ್ಪಡಿಸಬೇಕಿತ್ತು. ಮಗಳು ಫೋನಿನಲ್ಲಿ ನೋಡುತ್ತಾ ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ ಎಂದು ಒಂದೊಂದನ್ನೇ ಗೆರೆಯೊಳಕ್ಕೆ ಸೇರಿಸಿ, ಕೊನೆಗೆ ಹರಪನಹಳ್ಳಿ ಎಂದಳು. ನನ್ನ ತಾಯಿಯ ಕೈಯಲ್ಲಿದ್ದ ಮೊರ ನಿಂತಿತು, ಏಕೆಂದರೆ ಅದು ಅವರ ತವರು.

ಈ ಊರಿನ ಚರಿತ್ರೆಯನ್ನು ಸ್ವಲ್ಪ ಹೇಳಲೇಬೇಕು. 1951ರಲ್ಲಿ ನನ್ನ ತಾಯಿ ಅಲ್ಲಿ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಮದ್ರಾಸ್ ರಾಜ್ಯದ್ದು. ಅವರು ತೊದಲು ಮಾತಾಡುವ ಹೊತ್ತಿಗೆ, 1953ರಲ್ಲಿ, ಆ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. 1973ರಲ್ಲಿ ಮೈಸೂರು ಕರ್ನಾಟಕವಾಯಿತು. 1997ರಲ್ಲಿ ಹರಪನಹಳ್ಳಿಯನ್ನು ಹೊಸ ದಾವಣಗೆರೆ ಜಿಲ್ಲೆಗೆ ಕೊಟ್ಟರು. ಹಾಗೆ ಕೊಟ್ಟದ್ದರಿಂದಲೇ, ಆಗಿನ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯಡಿ ಶಿಕ್ಷಣ, ನೌಕರಿಗಳಲ್ಲಿ ವಿಶೇಷ ಸೌಲಭ್ಯ ದೊರೆತಾಗ ಬಳ್ಳಾರಿಯವರಿಗೆ ಸಿಕ್ಕಿದ್ದು ಇವರಿಗೆ ತಪ್ಪಿತು. ಹೋರಾಟಗಳು ನಡೆದು 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. ಉಸಿರು ಬಿಡುವಷ್ಟರಲ್ಲಿ 2021 ಬಂದು ವಿಜಯನಗರದ ಪಾಲಾಯಿತು. ಊರು ಇದ್ದಲ್ಲಿಂದ ಒಂದಂಗುಲವೂ ಕದಲಿಲ್ಲ, ವಿಳಾಸ ಮಾತ್ರ ಊರೂರು ಅಲೆಯಿತು. ಸರ್ಕಾರಿ ನೌಕರಿಯಲ್ಲಿದ್ದ ನನ್ನ ತಂದೆಗೆ ಕೂಡ ಇಷ್ಟು ವರ್ಗಾವಣೆಗಳಾಗಿದ್ದ ನೆನಪಿಲ್ಲ.

ನಮ್ಮ ನಕ್ಷೆಯಲ್ಲಿ ಅದು ಇನ್ನೂ ದಾವಣಗೆರೆಯಲ್ಲಿತ್ತು.

‘ಅಜ್ಜಿ, ನಿಮ್ಮೂರು ಈಗ ವಿಜಯನಗರ ಜಿಲ್ಲೆ. ಬುಕ್ಕಲ್ಲೇ ಇದೆ’ ಎಂದಳು ಮಗಳು.

‘ಬುಕ್ಕಿನಾಗ ಏನಾರ ಇರ್ಲಿ. ನಾ ಹುಟ್ಟಿದ್ದು ಬಳ್ಳಾರಿ ಜಿಲ್ಲಾದಾಗ.’

‘ಆದರೆ ಈ ಮ್ಯಾಪಲ್ಲಿ ದಾವಣಗೆರೆ ಅಂತಿದೆ.’

ನನ್ನ ತಾಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ‘ದಾವಣಗೆರಿಗೆ ದ್ವಾಸಿ ತಿನ್ನಾಕ ಹೋಗ್ತಿದ್ವಿ, ಸೀರಿ ತರಾಕ ಹೋಗ್ತಿದ್ವಿ. ಹಂಗಂತ ನಮ್ಮೂರ್ನ ಅವ್ರಿಗೆ ಬರ್ಕೊಟ್ಟೇವೇನು?’

ಇದು ತಾಲ್ಲೂಕುಗಳ ನಕ್ಷೆಯಲ್ಲ, ಜಿಲ್ಲೆ ಕಂಡರೆ ಸಾಕು ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಅಜ್ಜಿ ಮೊಮ್ಮಗಳಿಬ್ಬರೂ ನನ್ನನ್ನು ನೋಡಿದ ರೀತಿಯಿಂದ, ಈ ಗಡಿ ವಿವಾದದಲ್ಲಿ ಮೂರನೆಯವರ ಮಧ್ಯಸ್ಥಿಕೆಗೆ ಅವಕಾಶವಿಲ್ಲವೆಂಬುದು ಸ್ಪಷ್ಟವಾಯಿತು. ದಾವಣಗೆರೆಯಿಂದ ಹರಪನಹಳ್ಳಿಯನ್ನು ಕಿತ್ತು ತರುವುದಕ್ಕೆ ಇಬ್ಬರ ಒಪ್ಪಿಗೆಯೂ ದೊರೆಯಿತು. ಅಲ್ಲಿಗೆ ಆಗಲೇ ಮೆತ್ತಿದ್ದ ಮೆಕ್ಕೆಜೋಳವನ್ನು ಉಗುರಿನಿಂದ ಎಬ್ಬಿಸುವ ಕೆಲಸ ನನ್ನ ಪಾಲಿಗೆ ಬಂತು. ತಂದದ್ದನ್ನು ಬಳ್ಳಾರಿಗೆ ಸೇರಿಸಬೇಕೋ ವಿಜಯನಗರಕ್ಕೋ ಎಂಬ ಪ್ರಶ್ನೆಯಲ್ಲಿ ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದು, ಇರಲಿ, ಹೊಸಪೇಟೆಯವರು ಪರಕೀಯರೇನಲ್ಲ ಎಂದು ವಿಜಯನಗರಕ್ಕೆ ಒಪ್ಪಿದರು. ಆದರೆ ಮಗಳು ಆ ಜಿಲ್ಲೆಗೆ ಅಕ್ಕಿ ಎಂದು ಗೊತ್ತುಮಾಡಿದ್ದಳು. ಮಾತುಕತೆ ಮತ್ತೆ ಮುರಿದುಬಿತ್ತು.

‘ನಮ್ಮೂರಾಗ ಅಕ್ಕಿ ಎಲ್ಲೈತವ್ವಾ? ಹಬ್ಬಕ್ಕೊಮ್ಮೆ ಅನ್ನ. ಉಳಿದ ದಿನ ಜ್ವಾಳದ ರೊಟ್ಟಿ. ಜ್ವಾಳ ಹಾಕು.’

ಗಂಟೆ ಹನ್ನೆರಡಾಗುತ್ತಿತ್ತು. ವಿಜಯನಗರವೆಲ್ಲ ಅಕ್ಕಿ, ನೈಋತ್ಯದ ಮೂಲೆಯಲ್ಲಿ ಹರಪನಹಳ್ಳಿಯಷ್ಟಕ್ಕೆ ಜೋಳ ಎಂಬ ಒಪ್ಪಂದಕ್ಕೆ ಕೊನೆಗೂ ಬರಲಾಯಿತು. ಆ ಜೋಳವನ್ನು ಅಂಟಿಸಲು ನನ್ನ ತಾಯಿ ಬೇರೆ ಯಾರಿಗೂ ಬಿಡಲಿಲ್ಲ. ನಡುಗುವ ಬೆರಳುಗಳಲ್ಲಿ ಒಂದೊಂದೇ ಕಾಳನ್ನು ಅಂಟಿಗೆ ಅದ್ದಿ, ಮೊನೆ ಮೇಲೆ ಬರುವಂತೆ ನಿಲ್ಲಿಸುತ್ತಾ, ಇದು ಕೋಟೆ, ಇದು ಉಚ್ಚಂಗಿದುರ್ಗದ ಗುಡ್ಡ, ಇದು ನಾವು ನೀರು ತರುತ್ತಿದ್ದ ದಾರಿ ಎಂದು ಮೊಮ್ಮಗಳಿಗೆ ತೋರಿಸುತ್ತಿದ್ದರು. ಅವರ ಅಣ್ಣಂದಿರು ತೀರಿಕೊಂಡ ಮೇಲೆ ಆ ಊರಿನ ಮನೆ ಮಾರಾಟವಾಗಿ, ಅಲ್ಲಿಗೆ ಹೋಗುವುದಕ್ಕೆ ಅವರಿಗೊಂದು ನೆಪವೂ ಉಳಿದಿಲ್ಲ. ಇಷ್ಟು ವರ್ಷ ಅವರ ಮಗನಾಗಿದ್ದ ನಾನು ಆ ನೀರಿನ ದಾರಿಯ ವಿಷಯವನ್ನು ಕೇಳಿಯೇ ಇರಲಿಲ್ಲ. ಕೇಳುವ ಸಂದರ್ಭವೂ ಒದಗಿರಲಿಲ್ಲವೆನ್ನಿ. ನನ್ನ ಕಾಲದಲ್ಲಿ ಶಾಲೆಯವರು ಮನೆಗೆ ಕೊಟ್ಟು ಕಳಿಸುತ್ತಿದ್ದುದು ಮಗ್ಗಿಯನ್ನೇ ಹೊರತು ಕರ್ನಾಟಕವನ್ನಲ್ಲ, ಮತ್ತು ನನ್ನ ತಂದೆ ನನ್ನ ವಿದ್ಯಾಭ್ಯಾಸದಲ್ಲಿ ಪಾಲ್ಗೊಳ್ಳುತ್ತಿದ್ದುದು ಅಂಕಪಟ್ಟಿಯ ಕೆಳಗೆ ಸಹಿ ಹಾಕುವುದರ ಮೂಲಕ ಮಾತ್ರ. ಮಗಳು ಕಾಳು ಹೆಕ್ಕಿ ಕೊಡುತ್ತಾ ಕೂತಲ್ಲೇ ನಿದ್ದೆ ಹೋದಳು. ನಕ್ಷೆಯ ಮಿಕ್ಕ ಭಾಗದಲ್ಲಿ, ಎಂದರೆ ಇನ್ನೂ ಹನ್ನೊಂದು ಜಿಲ್ಲೆಗಳಲ್ಲಿ, ನಾನೊಬ್ಬನೇ ಮಾರ್ಗದರ್ಶನ ಮಾಡಿದೆ.

ಬೆಳಿಗ್ಗೆ ಎದ್ದು ನೋಡಿದರೆ ಇರುವೆಗಳ ಸಾಲೊಂದು ಮಂಡ್ಯದಿಂದ ಹೊರಟು ಚನ್ನಪಟ್ಟಣದ ಮಾರ್ಗವಾಗಿ ಬೆಂಗಳೂರಿನತ್ತ, ಎಲ್ಲಿಯೂ ಟೋಲ್ ಕಟ್ಟದೆ, ನಿರಾತಂಕವಾಗಿ ಸಾಗುತ್ತಿತ್ತು. ಕಾಫಿ ಇಲ್ಲದ ಮನೆಯಲ್ಲಿ ಅವುಗಳನ್ನು ಊದಿ ಓಡಿಸಲು ಹೋದಾಗ ಕೊಡಗಿನ ಪುಡಿ ಹಾರಿ ಮೈಸೂರಿನ ಮೇಲೆ ಬಿತ್ತು. ಸ್ಕೂಟರಿನಲ್ಲಿ ನಾನೂ ಮಗಳೂ, ನಮ್ಮಿಬ್ಬರ ನಡುವೆ ಆ ಥರ್ಮೋಕೋಲ್ ಹಾಳೆಯೂ ಹೋಗುವಾಗ ಪ್ರತಿ ಹಂಪಿಗೂ ಹಿಂದಿನಿಂದ ವರದಿ ಬರುತ್ತಿತ್ತು: ‘ಅಪ್ಪಾ, ಬೀದರ್ ಹೋಯ್ತು.’ ಶಾಲೆಯ ಗೇಟಿನಲ್ಲಿ ಬೇರೆ ಮಕ್ಕಳು ತಂದಿದ್ದ ನಕ್ಷೆಗಳನ್ನು ಕಂಡೆ. ಒಂದಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದರು. ಇನ್ನೊಂದರಲ್ಲಿ ಪ್ರತಿ ಜಿಲ್ಲಾ ಕೇಂದ್ರಕ್ಕೂ ಬಲ್ಬು ಉರಿಯುತ್ತಿತ್ತು. ಅದನ್ನು ಹೊತ್ತು ತಂದಿದ್ದ ತಂದೆ ತನ್ನ ಮಗನಿಗೆ ಸ್ವಿಚ್ಚು ಎಲ್ಲಿದೆಯೆಂದು ಗೇಟಿನ ಬಳಿಯಲ್ಲಿ ಹೇಳಿಕೊಡುತ್ತಿದ್ದರು.

ಪೋಷಕರ ಸಭೆಯ ದಿನ ನಮ್ಮ ನಕ್ಷೆಗೆ ಹತ್ತಕ್ಕೆ ಏಳು ಅಂಕ ಬಂದಿರುವುದು ತಿಳಿಯಿತು. ಮೂರು ಎಲ್ಲಿ ಹೋದವೆಂದು ಕೇಳದೆ ಏಳುವುದು ನನ್ನಿಂದಾಗಲಿಲ್ಲ. ಶಿಕ್ಷಕಿ ನಗುನಗುತ್ತಲೇ, ‘ಇದರಲ್ಲಿ 32 ಜಿಲ್ಲೆ ಇದೆ ಸರ್, ದಾವಣಗೆರೆ ಪಕ್ಕದಲ್ಲಿ ಒಂದು ಜಾಸ್ತಿ. ಆದರೂ ನನಗೆ ತುಂಬಾ ಖುಷಿಯಾಯ್ತು. ಬಾಕಿಯವರದೆಲ್ಲ ಅಪ್ಪ ಅಮ್ಮ ಮಾಡಿಕೊಟ್ಟಿರೋದು ನೋಡಿದ ಕೂಡಲೇ ಗೊತ್ತಾಗುತ್ತೆ. ಇದೊಂದೇ ಮಗು ತಾನೇ ಕೂತು ಮಾಡಿದ ಹಾಗಿರೋದು’ ಎಂದರು. ಪಕ್ಕದಲ್ಲಿದ್ದ ಮಗಳು ನನ್ನ ಕಡೆ ತಿರುಗಿಯೂ ನೋಡದೆ ‘ಥ್ಯಾಂಕ್ ಯೂ ಮಿಸ್’ ಎಂದಳು.

ಮನೆಗೆ ಬಂದು, ಹರಪನಹಳ್ಳಿಯ ಜೋಳದಿಂದಾಗಿ ಮೂರು ಅಂಕ ಕೈತಪ್ಪಿತೆಂದು ನಾನು ಸ್ವಲ್ಪ ಗಡುಸಾಗಿಯೇ ಹೇಳಿದೆ. ನನ್ನ ತಾಯಿ ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ತಲೆಯೆತ್ತಲಿಲ್ಲ.

‘ನಾಳೆ ಅದನ್ನೂ ಒಂದು ಜಿಲ್ಲಾ ಮಾಡ್ತಾರ, ಸುಮ್ನಿರು. ಅವಾಗ ಆ ಮೂರು ಮಾರ್ಕು ವಾಪಸ್ ಕೊಡ್ತೀರೇನು ಅಂತ ಕೇಳಿ ಬರಬೇಕಿತ್ತು.’