ವಿಮಾನದಲ್ಲಿ ಸಮವಸ್ತ್ರ ಯಾಕೆ ಬೇಕು?

ಸಮವಸ್ತ್ರದಲ್ಲಿ ವಿಮಾನ ಹತ್ತಿದ ಸೈನಿಕರ ಫೋಟೋಗಳು ಟೈಮ್‌ಲೈನಿನಲ್ಲಿ ಬರುತ್ತಲೇ ಇರುತ್ತವೆ. ಯಾರೋ ತಮ್ಮ ಬಿಸಿನೆಸ್ ಕ್ಲಾಸ್ ಸೀಟು ಬಿಟ್ಟುಕೊಟ್ಟರು, ಗಗನಸಖಿ ಮೈಕಿನಲ್ಲಿ ಹೆಸರು ಹೇಳಿ ಅಭಿನಂದಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಹಂಚಿಕೊಂಡವರ ಮನಸ್ಸು ಒಳ್ಳೆಯದೇ. ಆದರೆ ನನ್ನ ಕಣ್ಣು ಮೊದಲು ಹೋಗುವುದು ಎದೆಯ ಮೇಲಿನ ಹೆಸರುಪಟ್ಟಿಗೆ, ತೋಳಿನ ಲಾಂಛನಕ್ಕೆ, ಪೋಸ್ಟಿನಲ್ಲಿ ಬರೆದಿರುವ ವಿಮಾನದ ಸಂಖ್ಯೆಗೆ. ಈ ಮನುಷ್ಯ ಯಾರು, ಯಾವ ತುಕಡಿ, ಎಲ್ಲಿಂದ ಎಲ್ಲಿಗೆ ಹೊರಟಿದ್ದಾನೆ ಅನ್ನೋದೆಲ್ಲ ಒಂದೇ ಚಿತ್ರದಲ್ಲಿ ಊರಿಗೆಲ್ಲ ಗೊತ್ತಾಗಿಹೋಯಿತು.

ನೇರವಾಗಿ ಹೇಳಿಬಿಡ್ತೀನಿ. ನಾಗರಿಕ ವಿಮಾನದಲ್ಲಿ ಸೈನಿಕರು ಸಾದಾ ಬಟ್ಟೆಯಲ್ಲೇ ಹೋಗಬೇಕು. ಅವರಿಗೆ ಸಲ್ಲಬೇಕಾದ ಸವಲತ್ತು ದಾಖಲೆ ನೋಡಿ ಸದ್ದಿಲ್ಲದೆ ಸಿಗಬೇಕು, ಸಮವಸ್ತ್ರ ನೋಡಿ ಅಲ್ಲ.

ಹೋರಾಡುವವರು ಯಾರು, ಜನಸಾಮಾನ್ಯರು ಯಾರು ಅಂತ ಬೇರೆ ಮಾಡಿ ತೋರಿಸುವುದು ಯುದ್ಧನಿಯಮಗಳ ಜೀವಾಳ. ಸಮವಸ್ತ್ರದ ದೊಡ್ಡ ಕೆಲಸ ಅದೇ. ಸೈನಿಕ ಎದ್ದು ಕಂಡರೆ ಪಕ್ಕದಲ್ಲಿರುವ ರೈತನಿಗೆ, ಮಗುವಿಗೆ ರಕ್ಷಣೆ. ಅದನ್ನೇ ನೂರಾರು ಪ್ರಯಾಣಿಕರು ತುಂಬಿದ ಕ್ಯಾಬಿನ್ನಿಗೆ ತಂದರೆ ಯಾರಿಗೆ ರಕ್ಷಣೆ? ಎದ್ದು ಹೋಗಲು ಜಾಗವಿಲ್ಲದ ಕಡೆ ಒಬ್ಬನನ್ನು ಎಲ್ಲರಿಗೂ ಕಾಣುವ ಹಾಗೆ ಕೂರಿಸಿದಂತಾಯಿತು, ಅಷ್ಟೇ.

1985ರ ಜೂನ್ 14ರಂದು ಅಥೆನ್ಸಿನಿಂದ ರೋಮಿಗೆ ಹೊರಟಿದ್ದ, ಅಮೆರಿಕದ ಟಿಡಬ್ಲ್ಯೂಎ ಕಂಪನಿಯ 847 ವಿಮಾನ ಅಪಹರಣವಾಯಿತು. ಅದರಲ್ಲಿ ಅಮೆರಿಕದ ನೌಕಾಪಡೆಯ ಮುಳುಗುಗಾರರ ಒಂದು ತಂಡ ಕೆಲಸ ಮುಗಿಸಿ ಮನೆಗೆ ಹೊರಟಿತ್ತು. ಅವರು ಸೇನೆಯವರೆಂದು ಅಪಹರಣಕಾರರಿಗೆ ತಿಳಿಯಿತು. ಅವರಲ್ಲೊಬ್ಬರಾದ ರಾಬರ್ಟ್ ಸ್ಟೆಥೆಮ್ ಅವರಿಗೆ ಆಗ 23 ವರ್ಷ. ಅವರನ್ನು ಹೊಡೆದು, ಗುಂಡಿಟ್ಟು, ದೇಹವನ್ನು ಲೆಬನಾನಿನ ಬೇರೂತ್ ವಿಮಾನ ನಿಲ್ದಾಣದ ನೆಲಕ್ಕೆ ಎಸೆದರು. ಮುಂದೆ ಅಮೆರಿಕ ಒಂದು ಯುದ್ಧನೌಕೆಗೆ ಅವರ ಹೆಸರಿಟ್ಟಿತು. ಅದು ಗೌರವ ನಿಜ, ಆದರೆ ಆ ಹುಡುಗ ಮನೆಗೆ ತಲುಪಲಿಲ್ಲ.

'ಅಂಥದ್ದು ಈಗ ಎಲ್ಲಿ ಆಗುತ್ತೆ' ಅನ್ನಬಹುದು. ಅಪಹರಣಗಳು ಕಡಿಮೆಯಾಗಿವೆ, ಒಪ್ಪುತ್ತೇನೆ. ಆದರೆ ವಿಮಾನ ಪ್ರಯಾಣ ಅಂದರೆ ಬರೀ ಆಕಾಶದಲ್ಲಿರುವ ಹೊತ್ತಲ್ಲ. ನಿಲ್ದಾಣದ ಬಾಗಿಲು, ಟ್ಯಾಕ್ಸಿ ಸಾಲು, ರಾತ್ರಿಯಿಡೀ ಕಾಯುವ ಕುರ್ಚಿ ಎಲ್ಲವೂ ಅದರೊಳಗೇ ಬರುತ್ತವೆ. ವಿದೇಶಕ್ಕೆ ಸಾಮಾನ್ಯ ವಿಮಾನದಲ್ಲಿ ಹೋಗುವಾಗ ಸಾದಾ ಬಟ್ಟೆ ಹಾಕಿ, ಸೇನೆಯದೆಂದು ಗೊತ್ತಾಗುವ ಬ್ಯಾಗು ಬೇಡ, ಲಗೇಜಿನ ಚೀಟಿಯಲ್ಲಿ ಹುದ್ದೆ ಬರೆಯಬೇಡಿ ಅಂತ ಅಮೆರಿಕದ ಸೇನೆಯೇ ತನ್ನವರಿಗೆ ಸಲಹೆ ಕೊಡುತ್ತದೆ. ಅಷ್ಟು ದೊಡ್ಡ ಸೇನೆ ಇಷ್ಟು ಸಣ್ಣ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವುದು ಸುಮ್ಮನೆ ಅಲ್ಲ.

ಬಟ್ಟೆ ಬದಲಿಸಿದರೆ ಮುಗಿಯಲಿಲ್ಲ, ಗುರುತಿನ ಚೀಟಿ ಇದೆಯಲ್ಲ. ಅದನ್ನು ಬಿಟ್ಟು ಹೋಗುವಂತಿಲ್ಲ. ಅಮೆರಿಕ ಮತ್ತು ಯುರೋಪಿನ ಸೇನಾ ಕೂಟವಾದ ನ್ಯಾಟೋ ದೇಶಗಳ 1951ರ ಒಪ್ಪಂದದ ಪ್ರಕಾರ ಆ ದೇಶಗಳ ಸೈನಿಕರು ಪಾಸ್‌ಪೋರ್ಟ್ ಇಲ್ಲದೆ, ಸೇನಾ ಗುರುತಿನ ಚೀಟಿ ಮತ್ತು ಪ್ರಯಾಣದ ಆದೇಶಪತ್ರ ತೋರಿಸಿಯೇ ಗಡಿ ದಾಟಬಹುದು. ಅನುಕೂಲವೇನೋ ಹೌದು. ಆದರೂ ಪಾಸ್‌ಪೋರ್ಟಿನಲ್ಲಿ ಕೆಲಸ ಆಗುವ ಕಡೆ ಅದನ್ನೇ ತೋರಿಸುವುದು ಜಾಣತನ ಅಂತ ನನಗನ್ನಿಸುತ್ತದೆ.

ಈ ಚೀಟಿಯ ಬೆಲೆ ನಮಗೆ ಸರಿಯಾಗಿ ತಿಳಿದಿಲ್ಲ. ಯುದ್ಧಕೈದಿಗಳ ಕುರಿತ 1949ರ ಮೂರನೇ ಜಿನೀವಾ ಒಪ್ಪಂದದ 17ನೇ ವಿಧಿ ಅದರ ಅಳತೆಯನ್ನೂ ಹೇಳುತ್ತದೆ: ಸಾಧ್ಯವಾದಷ್ಟು 6.5 ಸೆಂ.ಮೀ.ಗೆ 10 ಸೆಂ.ಮೀ. ಸೆರೆಸಿಕ್ಕ ಸೈನಿಕ ಕೇಳಿದಾಗ ಅದನ್ನು ತೋರಿಸಬೇಕು, ಆದರೆ ಶತ್ರು ಅದನ್ನು ಕಿತ್ತುಕೊಳ್ಳುವಂತಿಲ್ಲ. ಶತ್ರುವಿಗೇ ಇಷ್ಟು ಕಟ್ಟುನಿಟ್ಟು ಇರುವಾಗ, ಕೌಂಟರಿನಲ್ಲಿ ಕೂತವರು ಅದನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿ ಇಟ್ಟುಕೊಳ್ಳುವುದು ಯಾವ ನ್ಯಾಯ? ನೋಡಿ, ಸರಿಯಿದೆಯೇ ಅಂತ ಪರೀಕ್ಷಿಸಿ, ವಾಪಸ್ ಕೊಡಿ.

ಸಮವಸ್ತ್ರ ಇಲ್ಲದಿದ್ದರೆ ಸವಲತ್ತು ಹೇಗೆ ಅನ್ನುವುದಕ್ಕೆ ಉತ್ತರ ಆಗಲೇ ಇದೆ. ಅಮೆರಿಕದಲ್ಲಿ ಟಿಕೆಟ್ ಬುಕ್ ಮಾಡುವಾಗ ಸೈನಿಕರು ತಮ್ಮ ಸೇನಾ ಗುರುತಿನ ಚೀಟಿಯ ಹಿಂಬದಿಯ ಹತ್ತು ಅಂಕಿಯ ಸಂಖ್ಯೆ ನಮೂದಿಸಿದರೆ ಸಾಕು, ತ್ವರಿತ ತಪಾಸಣೆಯ ಸಾಲು ಸಿಗುತ್ತದೆ. ತೊಟ್ಟಿರುವುದು ಟೀಶರ್ಟೋ ಸಮವಸ್ತ್ರವೋ ಯಾರೂ ಕೇಳುವುದಿಲ್ಲ. ಮೊದಲು ಹತ್ತಿಸುವುದು, ಹೆಚ್ಚುವರಿ ಲಗೇಜು ಎಲ್ಲವನ್ನೂ ಹೀಗೇ ಮಾಡಬಹುದು.

ಸಮವಸ್ತ್ರ ಬೇಕಾದ ಪ್ರಯಾಣಗಳೂ ಇವೆ. ಮಡಿದ ಸಂಗಾತಿಯ ಪಾರ್ಥಿವ ಶರೀರದ ಜೊತೆ ಹೊರಟವರು ಸಮವಸ್ತ್ರದಲ್ಲೇ ಇರಲಿ, ಅದು ಕರ್ತವ್ಯ. ತುರ್ತು ಕರೆ ಬಂದು ಬಟ್ಟೆ ಬದಲಿಸಲು ಸಮಯ ಸಿಗದವರನ್ನು ನಾನು ಆಕ್ಷೇಪಿಸುವುದಿಲ್ಲ.

ಉಳಿದವರಿಗೆ, ಅಂದರೆ ನಮಗೆ, ಒಂದು ಕೋರಿಕೆ. ಪಕ್ಕದ ಸೀಟಿನಲ್ಲಿ ಸೈನಿಕರು ಕೂತಿದ್ದಾರೆ ಅಂತ ಗೊತ್ತಾದರೆ ಮಾತಾಡಿಸಿ, ಸೀಟು ಕೊಡುವ ಮನಸ್ಸಿದ್ದರೆ ಕೊಡಿ. ಕೇಳದೆ ಫೋಟೋ ತೆಗೆಯಬೇಡಿ. ಅವರೇ ಒಪ್ಪಿದರೂ ಹೆಸರುಪಟ್ಟಿ ಮಸುಕು ಮಾಡಿ, ವಿಮಾನ ಇಳಿದು ಅವರು ಹೊರಟುಹೋದ ಮೇಲೆ ಹಾಕಿ. ಈಗಾಗಲೇ ಹಾಕಿರುವ ಫೋಟೋಗಳಿದ್ದರೆ ಇವತ್ತೇ ಒಮ್ಮೆ ತೆರೆದು ನೋಡಿ.