ಒಂದೆಲಗದ ಸಾಬೂನು ಹಸಿರಾಗಿರುವುದಿಲ್ಲ

ಭಾನುವಾರ ಶಿರಸಿಯ ಮೇಳದಿಂದ ಬಂದವಳು ಎರಡು ದಿನ ಸುಮ್ಮನಿದ್ದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಇಳಿಯಲಿಲ್ಲ, ಹಾಗಾಗಿ ಈಗಲೇ ಬರೆಯುತ್ತಿದ್ದೇನೆ.

ನಾನು ಊರಿನ ಹೆಂಗಸರ ಜೊತೆ ಸೇರಿ ಸಾಬೂನು ಮಾಡುವುದು ಇಲ್ಲಿರುವ ಬಹುತೇಕರಿಗೆ ಗೊತ್ತು. ನಿಮ್ಮಲ್ಲಿ ಕೆಲವರ ಬಚ್ಚಲಿನಲ್ಲಿ ಅದು ಈಗಲೂ ಇರಬಹುದು. ಮೇಳದಲ್ಲಿ ನಮ್ಮದೂ ಒಂದು ಮೇಜು ಇತ್ತು. ನಮ್ಮ ಒಂದೆಲಗದ ಸಾಬೂನು ಒಣಹುಲ್ಲಿನ ಬಣ್ಣದ್ದು, ಅಲ್ಲಲ್ಲಿ ಎಲೆಯ ಕಂದು ಚುಕ್ಕಿ. ನಾಲ್ಕು ಹೆಜ್ಜೆ ಆಚೆ ಇನ್ನೊಂದು ಮಳಿಗೆ. ಅಲ್ಲಿ ಗಿಳಿಹಸಿರು ಸಾಬೂನಿನ ರಾಶಿ, ಅದರ ಮೇಲೂ ಒಂದೆಲಗ ಎಂದೇ ಬರೆದಿತ್ತು. ಕೂಸನ್ನು ಎತ್ತಿಕೊಂಡಿದ್ದ ತಾಯಿಯೊಬ್ಬರು ನಮ್ಮಲ್ಲಿಗೆ ಬಂದರು. ಕೂಸಿನ ಮೊಣಕೈ ಮಡಿಕೆಯಲ್ಲಿ ಕೆಂಪಗೆ ಎದ್ದಿತ್ತು. ನಮ್ಮ ಸಾಬೂನನ್ನು ಎತ್ತಿ ಮೂಸಿದರು, ತಿರುಗಿಸಿ ನೋಡಿದರು. "ಇದು ಹಳೆಯದೇ? ಬಣ್ಣವೇ ಹೋಗಿದೆಯಲ್ಲ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಚೆಯ ಮಳಿಗೆಗೆ ಹೋಗಿ ಎರಡು ಹಸಿರು ಸಾಬೂನು ಕೊಂಡರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸಂಜೆ ಮೇಜು ಎತ್ತುವಾಗ ನಮ್ಮ ಗುಂಪಿನ ಹುಡುಗಿಯೊಬ್ಬಳು, ಎಲ್ಲರಿಗಿಂತ ಶ್ರದ್ಧೆಯಿಂದ ಕೆಲಸ ಕಲಿತವಳು, ಮೆಲ್ಲಗೆ ಕೇಳಿದಳು: "ಅಕ್ಕಾ, ಮುಂದಿನ ಸಲ ನಾವೂ ಒಂದು ಚಮಚ ಹಸಿರು ಬಣ್ಣ ಹಾಕಿಬಿಡೋಣವೇ?" ಆ ಮಾತು ಎದೆಗೆ ನಾಟಿತು.

ಹಾಕುವುದಿಲ್ಲ ಎಂದೆ. ಯಾಕೆ ಎಂಬುದನ್ನು ಅವಳಿಗೆ ಆಗ ಸರಿಯಾಗಿ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ, ಅವಳೂ ಓದುತ್ತಾಳೆ.

ಒಂದೆಲಗ ನಮಗೆ ಅಂಗಡಿಯಿಂದ ಬಂದ ಔಷಧಿಯಲ್ಲ. ತುಳುವಿನಲ್ಲಿ ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ, ಸಿಂಹಳದಲ್ಲಿ ಗೊಟು ಕೊಲ. ತೇವ ಇದ್ದಲ್ಲಿ ತಾನಾಗಿ ಹಬ್ಬುವ ಬಳ್ಳಿ. ನಮ್ಮ ಮನೆಯಲ್ಲಿ ಅದು ತಂಬುಳಿಯಾಗಿ ಒಳಗೆ ಹೋಗುತ್ತಿತ್ತು, ಎಣ್ಣೆಯಾಗಿ ಮೈಮೇಲೆ ಕೂರುತ್ತಿತ್ತು. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕುಳಿತವರ ಕೈಯನ್ನು ನೀವು ನೋಡಿರಬೇಕು. ಅಡಿಕೆಯ ಒಗರು ರಸದ ಚೊಗರು ಹಿಡಿದು ಕಪ್ಪಾಗಿ, ಬೆರಳ ಸಂದಿಯಲ್ಲಿ ಬಿರಿದು, ಸಾರಿಗೆ ಕೈ ಹಾಕಿದರೆ ಉರಿಯುವ ಕೈ. ಆಯಿ ಒಂದೆಲಗವನ್ನು ಬೇರುಬಿಟ್ಟು ಕಿತ್ತು, ಅರೆದು ರಸ ಹಿಂಡಿ, ಕೊಬ್ಬರಿ ಎಣ್ಣೆಗೆ ಹಾಕಿ ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸುತ್ತಿದ್ದಳು. ಆ ಎಣ್ಣೆ ಹಚ್ಚಿಕೊಂಡು ಮಲಗಿದರೆ ಬೆಳಗ್ಗೆ ಕೈ ಮಡಚಲು ಬರುತ್ತಿತ್ತು. ನಾನು ಸಾಬೂನಿಗೆ ಕೈ ಹಾಕಿದ್ದು ಆ ಕೈಗಳಿಗಾಗಿಯೇ. ಪೇಟೆಯ ಸಾಬೂನು ಬಿರಿದ ಕೈಯನ್ನು ಇನ್ನಷ್ಟು ಎಳೆಯುತ್ತಿತ್ತು.

ಈಗ ಬಣ್ಣದ ಮಾತಿಗೆ ಬರುತ್ತೇನೆ. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರದೆ ಸಾಬೂನು ಹುಟ್ಟುವುದಿಲ್ಲ. "ಕೆಮಿಕಲ್ ಇಲ್ಲದ ಸಾಬೂನು" ಎಂದು ಯಾರಾದರೂ ಮಾರಿದರೆ ಅದು ಸುಳ್ಳು, ನಾವು ಹೇಳಿದರೂ ಸುಳ್ಳೇ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಸೋಡಾ ಬೇಕು. ನಾವು 170ರ ಒಳಗೇ ನಿಲ್ಲಿಸುತ್ತೇವೆ, ಒಂದಿಷ್ಟು ಎಣ್ಣೆ ಎಣ್ಣೆಯಾಗಿಯೇ ಉಳಿಯಲಿ ಎಂದು. ಕೊಬ್ಬರಿ ಎಣ್ಣೆಯೊಂದೇ ಆದರೆ ಚರ್ಮ ಒಣಗುತ್ತದೆ, ಅದಕ್ಕೆ ಮುರುಗಲು ತುಪ್ಪ, ಅಂದರೆ ಪುನರ್ಪುಳಿ ಬೀಜದ ಗಟ್ಟಿ ಎಣ್ಣೆ, ಸೇರಿಸುತ್ತೇವೆ, ಆಗ ಸೋಡಾದ ಲೆಕ್ಕ ಇನ್ನೂ ಇಳಿಯುತ್ತದೆ. ಒಡೆದ ಹಿಮ್ಮಡಿಗೆ ನಮ್ಮ ಹಿರಿಯರು ಹಚ್ಚುತ್ತಿದ್ದ ಅದೇ ಮುರುಗಲು ತುಪ್ಪ. ಎಲೆಯ ಹಸಿರು ಈ ಕ್ಷಾರದ ಒಳಗೆ ಬಿದ್ದು, ಆಮೇಲೆ ನಾಲ್ಕರಿಂದ ಆರು ವಾರ ಅಟ್ಟದ ಗಾಳಿ ಬೆಳಕಿನಲ್ಲಿ ಮಾಗಬೇಕು. ಅಚ್ಚಿಗೆ ಹೊಯ್ದ ದಿನ ಎಷ್ಟು ಚೆಂದದ ಹಸಿರು ಎಂದರೆ ನಮಗೇ ಖುಷಿಯಾಗುತ್ತದೆ. ಎರಡನೆಯ ವಾರಕ್ಕೆ ಮಂಕು, ನಾಲ್ಕನೆಯ ವಾರಕ್ಕೆ ಒಣಹುಲ್ಲು. ಎಲೆ ಹಾಕಿದವರೆಲ್ಲರ ಸಾಬೂನಿಗೂ ಹೀಗೇ ಆಗುತ್ತದೆ. ತಿಂಗಳಾದರೂ ಗಿಳಿಹಸಿರಾಗಿಯೇ ಇದ್ದರೆ ಆ ಹಸಿರು ಎಲೆಯದ್ದಲ್ಲ. ಪೊಟ್ಟಣದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಸಿ.ಐ. ಎಂದು ಶುರುವಾಗಿ ಐದು ಅಂಕಿಗಳಿರುತ್ತವೆ ನೋಡಿ, ಅದು ಬಣ್ಣದ ಗುರುತಿನ ಸಂಖ್ಯೆ. ಭಾನುವಾರ ನಾನು ಎದುರಿನ ಸಾಬೂನನ್ನೂ ಕೊಂಡು ತಂದೆ. ಅದರ ಹಿಂಬದಿಯಲ್ಲಿ ಆ ಸಂಖ್ಯೆಯೂ ಇರಲಿಲ್ಲ, ಏನೂ ಇರಲಿಲ್ಲ. ಮುಂಬದಿಯ ಚಿತ್ರವಂತೂ ಒಂದೆಲಗದ್ದೇ ಅಲ್ಲ. ಗದ್ದೆಯ ಅಂಚಿನಲ್ಲಿ ಬೆಳೆಯುವ ನೀರುಬ್ರಾಹ್ಮಿ! ಅದಕ್ಕೆ ದಪ್ಪನೆಯ ಪುಟ್ಟ ಎಲೆಗಳು ಎದುರುಬದುರಾಗಿ ಬರುತ್ತವೆ. ಒಂದೆಲಗಕ್ಕೆ ಒಂದು ತೊಟ್ಟಿಗೆ ಒಂದೇ ದುಂಡನೆಯ ಎಲೆ. ಹೆಸರೇ ಅದನ್ನು ಹೇಳುತ್ತದಲ್ಲ.

ಗೆಳೆಯರೊಬ್ಬರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅವರೆಂದರು: "ಒಂದು ಚಿಟಿಕೆ ಬಣ್ಣದಿಂದ ಯಾರೂ ಸಾಯುವುದಿಲ್ಲ. ಆ ಹೆಂಗಸರಿಗೆ ನಾಲ್ಕು ಕಾಸು ಬರಲಿ ಬಿಡು." ಸಾಯುವುದಿಲ್ಲ, ಒಪ್ಪುತ್ತೇನೆ. ಸಾಬೂನಿಗೆ ಹಾಕಲು ಅನುಮತಿ ಇರುವ ಬಣ್ಣಗಳೂ ಇವೆ. ನಾಲ್ಕು ಕಾಸಿನ ಬೆಲೆ ನನಗೆ ಗೊತ್ತಿಲ್ಲವೇ? ಆದರೆ ನಾವೂ ಹಸಿರು ಹಾಕಿದ ದಿನ, ಒಂದೆಲಗದ ಸಾಬೂನು ಎಂದರೆ ಹಸಿರು ಎಂಬ ಸುಳ್ಳಿಗೆ ನಾವೇ ಸಾಕ್ಷಿ ಹೇಳಿದಂತಾಗುತ್ತದೆ. ಆಮೇಲೆ ಎಲೆ ಯಾಕೆ ಬೇಕು? ಬೆಳೆಯುವುದು, ಕೊಯ್ಯುವುದು, ತೊಳೆಯುವುದು, ಅರೆಯುವುದು, ತಿಂಗಳುಗಟ್ಟಲೆ ಕಾಯುವುದು ಯಾಕೆ ಬೇಕು? ಬಣ್ಣದ ಡಬ್ಬಿಯೊಂದು ಸಾಕಲ್ಲ. ಈ ಮಾತನ್ನು ನಾನು ಒಪ್ಪಲಾರೆ.

ನನ್ನದೂ ಒಂದು ತಪ್ಪಿದೆ. ಇದುವರೆಗೆ ಎಲ್ಲಿಯೂ ಹೇಳಿಲ್ಲ. ಸಾಬೂನು ಮಾಡಲು ಶುರುಮಾಡಿದ ಮೊದಲ ವರ್ಷ ನೆರೆಮನೆಯವರೊಬ್ಬರಿಗೆ ಕಾಲಿನಲ್ಲಿ ಇಸುಬು ಎದ್ದಿತ್ತು. "ಇದನ್ನೇ ಹಚ್ಚಿ ತೊಳೆಯಿರಿ, ವಾಸಿಯಾಗುತ್ತದೆ" ಎಂದು ನಾನೇ ಧೈರ್ಯವಾಗಿ ಹೇಳಿದೆ. ಅವರು ನನ್ನ ಮಾತು ನಂಬಿ ಎರಡು ತಿಂಗಳು ವೈದ್ಯರ ಬಳಿ ಹೋಗಲಿಲ್ಲ. ಕೆರೆದು ಕೆರೆದು ಕೀವಾಯಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದಕ್ಕೇ ಇವತ್ತಿಗೂ ನೋಯುತ್ತದೆ. ಆಮೇಲೆ ಕುಳಿತು ಓದಿದೆ. ಗಾಯ ಮಾಯಿಸುವ ಗುಣಕ್ಕೆ ಹೆಸರಾದ ಏಷಿಯಾಟಿಕೋಸೈಡ್ ಎಂಬ ಅಂಶ ಒಂದೆಲಗದಲ್ಲಿ ಇರುವುದು ನಿಜ. ಕೊರಿಯಾದವರು ಸಿಕಾ ಎಂಬ ಹೆಸರಿನಲ್ಲಿ ಮಾರುವ ಮುಲಾಮುಗಳ ಮೂಲವೂ ಇದೇ ಬಳ್ಳಿ. ಆದರೆ ಆ ಅಂಶ ಗಡುಸು ಕ್ಷಾರದಲ್ಲಿ ಒಡೆಯುತ್ತದೆ. ಮುಲಾಮು ಚರ್ಮದ ಮೇಲೆ ಗಂಟೆಗಟ್ಟಲೆ ಕೂರುತ್ತದೆ, ಸಾಬೂನು ಒಂದು ನಿಮಿಷದಲ್ಲಿ ನೀರಿನೊಡನೆ ಹೋಗುತ್ತದೆ. ನಮ್ಮ ಸಾಬೂನು ಚರ್ಮಕ್ಕೆ ಹಿತವೆನಿಸಲು ದೊಡ್ಡ ಕಾರಣ ಅದರಲ್ಲೇ ಉಳಿದ ಎಣ್ಣೆ ಮತ್ತು ತೆಗೆಯದೆ ಬಿಟ್ಟ ಗ್ಲಿಸರಿನ್. ಹಾಗಿದ್ದೂ ಅದು ಕ್ಷಾರವೇ. ಬಿರಿದು ರಸ ಸೋರುವ ಚರ್ಮಕ್ಕೆ ಯಾವ ಸಾಬೂನೂ ಬೇಡ.

ಅಂದಿನಿಂದ ನಾವು ವಾಸಿ ಮಾಡುತ್ತದೆ ಎಂದು ಬರೆಯುವುದಿಲ್ಲ. ತೊಳೆಯುತ್ತದೆ, ಹೆಚ್ಚು ಒಣಗಿಸುವುದಿಲ್ಲ ಎಂದಷ್ಟೇ ಬರೆಯುತ್ತೇವೆ. ಅದಕ್ಕೂ ಗಿರಾಕಿ ಕಡಿಮೆ. ಭಾನುವಾರ ಆ ತಾಯಿಯನ್ನು ನಿಲ್ಲಿಸಿ, ಬಣ್ಣದ ವಿಷಯಕ್ಕಿಂತ ಮೊದಲು, ಕೂಸಿನ ಕೈಯನ್ನು ವೈದ್ಯರಿಗೆ ತೋರಿಸಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಬಣ್ಣದ ಸಿಟ್ಟಿನಲ್ಲಿ ಅದು ಹೊಳೆಯಲೇ ಇಲ್ಲ.

ಹಾಗಾದರೆ ಒಂದೆಲಗ ಯಾಕೆ ಹಾಕುತ್ತೀರಿ ಎಂದು ಕೇಳಬಹುದು. ಸಾಬೂನು ಗಟ್ಟಿಯಾಗತೊಡಗಿದ ಮೇಲೆ ಅರೆದ ಎಲೆ ಸೇರಿಸಿದರೆ ಉಜ್ಜುವಾಗ ನಯವಾದ ತರಿ ಸಿಗುತ್ತದೆ, ಚೊಗರು ಹಿಡಿದ ಕೈಗೆ ಅದು ಒಳ್ಳೆಯದು. ಇನ್ನೊಂದು ಕಾರಣವೂ ಇದೆ. ಸಾಬೂನಿಗೆ ಎಲೆ ಬೇಕು ಎಂದಾದ ಮೇಲೆ ನಮ್ಮೂರಿನ ಏಳು ಮನೆಗಳ ಹಿತ್ತಿಲಿಗೆ ಒಂದೆಲಗ ತಿರುಗಿ ಬಂದಿದೆ. ಅದಕ್ಕೂ ಮೊದಲು ಕಳೆನಾಶಕ ಹೊಡೆದು ತೋಟದ ಕಾದಿಗೆಯ (ನೀರು ಹರಿಯುವ ಕಾಲುವೆಯ) ಬದಿಯಿಂದ ಅದನ್ನು ಸುಟ್ಟಿದ್ದೆವು. ನಾವೇ ಸುಟ್ಟದ್ದು, ಬೇರೆ ಯಾರೂ ಅಲ್ಲ.

ತೋಟದ ಎಲೆಯನ್ನು ನಾವು ಬಳಸುವುದಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಆ ಮೈಲುತುತ್ತ ಎಲ್ಲ ಕೆಳಗಿನ ಎಲೆಯ ಮೇಲೆಯೇ ಇಳಿಯುತ್ತದೆ. ಹಿಂದೆ ಬಚ್ಚಲ ನೀರು ಹರಿಯುವಲ್ಲಿ ಸೊಂಪಾಗಿ ಬೆಳೆಯುತ್ತಿತ್ತು. ಆ ನೀರಿನಲ್ಲಿ ಆಗ ಸೀಗೆ, ಬಾಗೆ ಹೋಗುತ್ತಿತ್ತು, ಈಗ ಬಟ್ಟೆ ತೊಳೆಯುವ ಪುಡಿ ಹೋಗುತ್ತದೆ. ಪೇಟೆಯ ಚರಂಡಿಯ ಬದಿಯ ಎಲೆಯಂತೂ ಬೇಡವೇ ಬೇಡ. ನೆಲದಲ್ಲಿರುವ ಸೀಸದಂಥ ಲೋಹವನ್ನು ಈ ಬಳ್ಳಿ ಹೀರಿಕೊಳ್ಳುತ್ತದೆ. ಹಿತ್ತಿಲಿನಲ್ಲಿ ಬೇರೆಯೇ ಮಡಿ ಮಾಡಿ, ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿ, ಅರೆನೆರಳಿನಲ್ಲಿ ಬೆಳೆಸಬೇಕು. ಗಿಣ್ಣಿನಲ್ಲಿ ಬೇರು ಬಿಟ್ಟ ತುಂಡೊಂದು ಸಾಕು. ಪೂರ್ತಿ ನೆರಳಾದರೆ ತೊಟ್ಟು ಉದ್ದವಾಗುತ್ತದೆ, ಎಲೆ ತೆಳುವಾಗುತ್ತದೆ. ಕೊಯ್ಯುವಾಗ ಬಳ್ಳಿಯನ್ನು ಎಳೆಯದೆ ತೊಟ್ಟನ್ನು ಮಾತ್ರ ಚಿವುಟಿದರೆ ಬೇಸಿಗೆಯಲ್ಲೂ ನೀರು ತಪ್ಪದಿದ್ದರೆ ವರ್ಷವಿಡೀ ಎಲೆ ಸಿಗುತ್ತದೆ.

ಮೊನ್ನೆ ಹೊಯ್ದ ಸಾಬೂನನ್ನು ನಿನ್ನೆ ಕತ್ತರಿಸಿ ಅಟ್ಟದಲ್ಲಿ ಜೋಡಿಸಿದೆವು. ಮಳೆ ಹಿಡಿದರೆ ಬೆವರುತ್ತದೆ, ಹಾಗಾಗಿ ಈ ವರ್ಷಕ್ಕೆ ಇದೇ ಕೊನೆಯದು. ಇವತ್ತಿಗೆ ಅದು ಎಳೆ ಬಾಳೆ ಎಲೆಯ ಬಣ್ಣದಲ್ಲಿದೆ. ಆ ಹುಡುಗಿ ಬೆಳಗ್ಗೆ ಮೊಬೈಲಿನಲ್ಲಿ ಅದರ ಚಿತ್ರ ತೆಗೆದಳು. ಪ್ರತಿ ಸೋಮವಾರ ಒಂದೊಂದು ತೆಗೆದು, ಆರನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿ ಮುಂದಿನ ಮೇಳದ ಮೇಜಿನ ಮೇಲೆ ಇಡುತ್ತಾಳಂತೆ. ನಾನು ಹೇಳಿಕೊಟ್ಟದ್ದಲ್ಲ, ಅವಳದೇ ಯೋಚನೆ. ಪಕ್ಕದಲ್ಲಿ ಒಂದೆಲಗದ ಕುಂಡವನ್ನೂ ಇಡೋಣ ಎಂದೆ.

ಬಳ್ಳಿ ಬೇಕಾದವರು ಮಳೆ ಹಿಡಿದ ಮೊದಲ ವಾರ ಮನೆಗೆ ಬನ್ನಿ, ತೆಂಗಿನ ಕರಟದಲ್ಲಿ ನೆಟ್ಟು ಕೊಡುತ್ತೇನೆ. ದುಡ್ಡು ಬೇಡ. ಒದ್ದೆ ಗೋಣಿಚೀಲದ ತುಂಡು ತಂದರೆ ಬಸ್ಸಿನಲ್ಲಿ ಒಯ್ಯುವಾಗ ಬಾಡುವುದಿಲ್ಲ.